ಮನೆ ಮೇಲಿನ ಸೋಲಾರ್: ಕರೆಂಟ್ ಬಿಲ್ಲಿನಲ್ಲಿ ಉಳಿಯುವುದೆಷ್ಟು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷವನ್ನು ನಮಗಿಂತ ಮೊದಲು ಮಾತನಾಡಿದವರು ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಆಡಳಿತ ಮಂಡಳಿಯವರು ನಮಗೆ ವಹಿಸಿರುವ ವಿಷಯ ಸೋಲಾರ್. ನಾವು ಓದಿದ್ದು ಎಸ್.ಎಸ್.ಎಲ್.ಸಿ., ಇಂಜಿನಿಯರ್ ಅಲ್ಲ. ಆದರೆ ಕೂಡಿಸಿ ಕಳೆಯುವ ಲೆಕ್ಕಕ್ಕೆ ಅಷ್ಟು ಓದು ಸಾಕು ಅಂತ ಒಪ್ಪಿಕೊಂಡೆವು.

ಈ ವಿಷಯವನ್ನೇ ಯಾಕೆ ಆರಿಸಿದರು ಅಂದರೆ ಅದಕ್ಕೊಂದು ಕಾರಣ ಇದೆ. ಈಚೆಗೆ ಸೋಲಾರ್ ಕಂಪನಿಯವರು ಅಂತ ಹೇಳಿಕೊಂಡು ಬೈಕಿನಲ್ಲಿ ಬರುವ ಹುಡುಗರು ನಮ್ಮ ಕಡೆ ಜಾಸ್ತಿಯಾಗಿದ್ದಾರೆ. ಅವರಲ್ಲಿ ಒಬ್ಬರು ನೇರವಾಗಿ ನಮ್ಮ ಡೇರಿಗೇ ಬಂದು ಮಂಡಳಿಯ ಮುಂದೆ ಒಂದು ಪ್ರಸ್ತಾವ ಇಟ್ಟರು. ಸದಸ್ಯರ ಮನೆ ಮೇಲೆ ಪ್ಯಾನೆಲ್ ಹಾಕಿಸಿಕೊಡುತ್ತೇವೆ, ಸದಸ್ಯರು ಈಗ ಒಂದು ರೂಪಾಯಿಯೂ ಕೊಡುವ ಹಾಗಿಲ್ಲ, ಕಂತಿನ ಹಣವನ್ನು ಸಂಘದವರು ಹಾಲಿನ ಬಟವಾಡೆಯಲ್ಲಿ ಹಿಡಿದು ನಮಗೆ ಕಟ್ಟಿದರೆ ಸಾಕು, ಎಲ್ಲರ ಮನೆ ಕರೆಂಟ್ ಬಿಲ್ಲೂ ಸೊನ್ನೆ ಆಗುತ್ತೆ ಅಂದರು. ಸಭೆಯಲ್ಲಿದ್ದ ನಮ್ಮ ಹಿರಿಯ ನಿರ್ದೇಶಕರು, "ನಮ್ಮನೆ ಬಿಲ್ಲು ಈಗ್ಲೇ ಸೊನ್ನೆ ಐತಲ್ಲ ಸ್ವಾಮಿ, ಇನ್ನೂ ಎಷ್ಟು ಸೊನ್ನೆ ಮಾಡ್ತೀರಿ?" ಅಂತ ಕೇಳಿದರು. ಬಂದವರಿಗೆ ಉತ್ತರ ಹೊಳೆಯಲಿಲ್ಲ. ನಮ್ಮ ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತ ಇದೆ.

ಸೋಲಾರ್ ಬೇಡ ಅಂತ ಹೇಳಲು ನಾವು ನಿಂತಿಲ್ಲ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕರೆಂಟ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ನಾಡು ನಮ್ಮದು. ಬಿಸಿಲಿನಲ್ಲಿಯೂ ನಾವು ಹಿಂದೆ ಬಿದ್ದವರಲ್ಲ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿಯ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಳ್ಳುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆ ಆಯಿತು. ಅದಕ್ಕೂ ಮುಂಚೆ, 1995ರಲ್ಲಿ, ಹರೀಶ್ ಹಂದೆಯವರು ಸೆಲ್ಕೊ ಸಂಸ್ಥೆ ಕಟ್ಟಿ, ಕರೆಂಟೇ ಇಲ್ಲದ ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದ ಮೇಲೆ ಸೋಲಾರ್ ದೀಪ ಕೊಡಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆವತ್ತಿನ ಲೆಕ್ಕ ಸುಲಭವಾಗಿತ್ತು. ಒಂದು ಕಡೆ ಸೀಮೆಎಣ್ಣೆಯ ಖರ್ಚು, ಇನ್ನೊಂದು ಕಡೆ ದೀಪದ ಕಂತು. ಸೀಮೆಎಣ್ಣೆ ಉಳಿದರೆ ಕಂತು ಕಟ್ಟಬಹುದಿತ್ತು, ಮಕ್ಕಳು ಹೊಗೆ ಇಲ್ಲದೆ ಓದಬಹುದಿತ್ತು.

ಇವತ್ತಿನ ಲೆಕ್ಕ ಹಾಗಿಲ್ಲ. ಎಲ್ಲರ ಮನೆಯಲ್ಲೂ ಕರೆಂಟ್ ಇದೆ, ಆದರೆ ಎಲ್ಲರ ಮನೆ ಬಿಲ್ಲೂ ಒಂದೇ ತರಹ ಇಲ್ಲ. ಅದಕ್ಕೆ ಮೊದಲು ಬಿಲ್ಲು ಓದುವುದನ್ನು ಕಲಿಯೋಣ. ನಮ್ಮಲ್ಲಿ ಬಹಳ ಜನ ಮೀಟರ್ ಓದುವ ಹುಡುಗ ಕೊಟ್ಟ ಚೀಟಿಯನ್ನು ಕ್ಯಾಲೆಂಡರ್ ಮೊಳೆಗೆ ಸಿಗಿಸಿ ಬಿಡುತ್ತೇವೆ. ಅದರಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು ಅಂಕಿ: ಈ ತಿಂಗಳು ಎಷ್ಟು ಯೂನಿಟ್ ಉರಿಸಿದ್ದೇವೆ, ನಮಗೆ ಉಚಿತ ಇರುವುದು ಎಷ್ಟು ಯೂನಿಟ್.

ಗೃಹಜ್ಯೋತಿ 2023ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಎಲ್ಲರಿಗೂ 200 ಯೂನಿಟ್ ಬಿಟ್ಟಿ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವಷ್ಟು ನಮಗೆ ಉಚಿತ. 48 ಯೂನಿಟ್ಟಿಗಿಂತ ಕಡಿಮೆ ಉರಿಸುತ್ತಿದ್ದ ಬಡವರಿಗೆ ಶೇಕಡಾ 10 ಅಂದರೆ ಏನೂ ಅಲ್ಲ ಅಂತ 2024ರ ಜನವರಿಯಲ್ಲಿ ಅವರಿಗೆ 10 ಯೂನಿಟ್ ಸೇರಿಸಿ ಕೊಡಲು ತೀರ್ಮಾನ ಆಯಿತು. ಹಳೆ ಲೆಕ್ಕ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ ಹಿಡಿದು 58 ಯೂನಿಟ್. ನಮ್ಮ ಪಾಲಿಗಿಂತ ಜಾಸ್ತಿ ಉರಿಸಿ, 200ರ ಒಳಗೇ ಇದ್ದರೆ, ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಯೂನಿಟ್ ದರ. 2024ರ ಏಪ್ರಿಲ್‌ನಲ್ಲಿ ಹಳೆಯ ಸ್ಲ್ಯಾಬ್ ಪದ್ಧತಿ ಹೋಗಿ ಮನೆ ಬಳಕೆಗೆ ಒಂದೇ ದರ ಬಂತು. 2025ರ ಏಪ್ರಿಲ್‌ನಲ್ಲಿ ಅದು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಆಯಿತು. ಅದರ ಮೇಲೆ ಆಗ ನೌಕರರ ಪಿಂಚಣಿ ಬಾಬ್ತು 36 ಪೈಸೆ, ತೆರಿಗೆ ಶೇಕಡಾ 9 ಇತ್ತು. ಎಲ್ಲ ಸೇರಿಸಿ ನಾವು ಈ ಭಾಷಣಕ್ಕೆ ಆರೂವರೆ ರೂಪಾಯಿ ಅಂತ ಹಿಡಿದಿದ್ದೇವೆ. ನಿಗದಿತ ಶುಲ್ಕ ಅಂತ ಕಿಲೋವ್ಯಾಟಿಗೆ ಇಷ್ಟು ಅಂತ ಬೇರೆ ಬರುತ್ತೆ, ಅದನ್ನು ಪ್ಯಾನೆಲ್ ಉಳಿಸೋದಿಲ್ಲ.

ಈಗ ಪ್ಯಾನೆಲ್ ಕಡೆ ಬರೋಣ. ಒಂದು ಕಿಲೋವ್ಯಾಟ್ ಪ್ಯಾನೆಲ್ ಕೂರಿಸಲು ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಸೀಮೆ ಬಿಸಿಲಿಗೆ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಬೇಸಿಗೆಯಲ್ಲಿ ಜಾಸ್ತಿ, ಆಷಾಢ ಶ್ರಾವಣದ ಮೋಡದಲ್ಲಿ ಕಡಿಮೆ. ಖರ್ಚು ಕಿಲೋವ್ಯಾಟಿಗೆ 65ರಿಂದ 75 ಸಾವಿರ ಆಸುಪಾಸು. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಮಾನಿನ ಮೇಲಿನ ಜಿ.ಎಸ್.ಟಿ. 12ರಿಂದ 5ಕ್ಕೆ ಇಳಿದಿದೆ, ಆದ್ದರಿಂದ ಹಳೇ ದರಪಟ್ಟಿ ತೋರಿಸುವವರ ಹತ್ತಿರ ಚೌಕಾಸಿ ಮಾಡಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆ ತಂದಿತು. ಎರಡು ಕಿಲೋವ್ಯಾಟಿನವರೆಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಮೂರರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಈ ಹಣ ಮೊದಲು ಬರುವುದಿಲ್ಲ, ಪ್ಯಾನೆಲ್ ಕೂರಿಸಿ, ಬೆಸ್ಕಾಂನವರು ಬಂದು ನೋಡಿ, ಎರಡೂ ಕಡೆ ಓದುವ ಮೀಟರ್ ಹಾಕಿದ ಮೇಲೆ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಎರಡೂ ಕಡೆ ಓದುವ ಮೀಟರ್ ಅಂದರೆ ನಮ್ಮ ಡೇರಿ ಪುಸ್ತಕ ಇದ್ದ ಹಾಗೆ. ನಾವು ಹಾಕಿದ ಹಾಲು ಒಂದು ಕಡೆ, ನಾವು ತಂದ ಹಿಂಡಿ ಬೂಸಾ ಇನ್ನೊಂದು ಕಡೆ, ತಿಂಗಳ ಕೊನೆಗೆ ವಜಾ ಮಾಡಿ ಬಾಕಿ ತೆಗೆಯುವುದು. ಹಗಲು ಪ್ಯಾನೆಲ್ ಮಾಡಿದ ಕರೆಂಟನ್ನು ಮನೆ ಉಪಯೋಗಿಸಿ ಉಳಿದದ್ದು ತಂತಿಗೆ ಹೋಗುತ್ತೆ, ರಾತ್ರಿ ಬೇಕಾದದ್ದು ತಂತಿಯಿಂದ ಬರುತ್ತೆ, ವ್ಯತ್ಯಾಸಕ್ಕೆ ಬಿಲ್ಲು. ಆದರೆ ಲೆಕ್ಕ ಚುಕ್ತಾ ಆದ ಮೇಲೆ ನಾವೇ ಜಾಸ್ತಿ ಕೊಟ್ಟಿದ್ದರೆ ಅದಕ್ಕೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ದೊಡ್ಡ ಪ್ಯಾನೆಲ್ ಹಾಕಿ ಕರೆಂಟ್ ಮಾರಿ ದುಡ್ಡು ಮಾಡೋಣ ಅನ್ನೋ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡಿ.

ಈಗ ನಮ್ಮೂರಿನಂಥ ಮನೆಗಳನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಯಾರ ಹೆಸರೂ ಹೇಳುವುದಿಲ್ಲ, ನಿಮ್ಮ ಮನೆ ಯಾವುದು ಅಂತ ನೀವೇ ಗುರುತಿಸಿಕೊಳ್ಳಿ.

ಒಂದು ಮನೆ. ನಾಲ್ಕು ಬಲ್ಬು, ಎರಡು ಫ್ಯಾನು, ಟಿ.ವಿ., ಮಿಕ್ಸಿ. ತಿಂಗಳಿಗೆ 45 ಯೂನಿಟ್. ಅವರ ಪಾಲು 50ರ ಮೇಲೇ ಇದೆ, ಬಿಲ್ಲು ಸೊನ್ನೆ. ಈ ಮನೆಯ ಮೇಲೆ ಪ್ಯಾನೆಲ್ ಹಾಕಿದರೆ ಬಿಲ್ಲಿನಲ್ಲಿ ಉಳಿಯುವುದೂ ಸೊನ್ನೆ. ಸಹಾಯಧನ ಕಳೆದು ಕೈಯಿಂದ 40,000 ಹಾಕಬೇಕು. ಉಳಿದ ಕರೆಂಟನ್ನು ಕೊಟ್ಟು ಬರುವ ಪುಡಿಗಾಸಿನಲ್ಲಿ ಆ ದುಡ್ಡು ವಾಪಸ್ ಬರುವುದು ಯಾವ ಕಾಲಕ್ಕೋ. ನಮ್ಮ ಸಂಘದ ಸದಸ್ಯರಲ್ಲಿ ಬಹುಪಾಲು ಮನೆಗಳು ಇದೇ ಲೆಕ್ಕದವು. 40,000ಕ್ಕೆ ಒಂದು ಒಳ್ಳೆ ಕಡಸು ಬರುತ್ತೆ, ಅದಾದರೂ ಕರು ಹಾಕುತ್ತೆ. ಇಂಥ ಮನೆಯವರಿಗೆ "ಬಿಲ್ ಸೊನ್ನೆ ಮಾಡಿಕೊಡ್ತೀವಿ" ಅಂತ ಮಾರುವವರನ್ನು ಏನೆನ್ನಬೇಕೋ ತಾವೇ ಹೇಳಿ.

ಎರಡನೇ ಮನೆ ಸ್ವಲ್ಪ ತೊಡಕಿನದು. 2022-23ರಲ್ಲಿ ಅವರ ಬಳಕೆ 30 ಯೂನಿಟ್, ಆದ್ದರಿಂದ ಪಾಲು 40. ಆಮೇಲೆ ಫ್ರಿಜ್ ಬಂತು, ಮೇವು ಕತ್ತರಿಸುವ ಮೋಟಾರು ಬಂತು, ಮಗನ ಮದುವೆ ಆಗಿ ಇನ್ನೊಂದು ಕೋಣೆ ಕಟ್ಟಿದರು. ಈಗ 110 ಯೂನಿಟ್. 40 ಉಚಿತ, ಬಾಕಿ 70ಕ್ಕೆ ಆರೂವರೆಯಂತೆ 455 ರೂಪಾಯಿ. ಇವರು ಒಂದು ಕಿಲೋವ್ಯಾಟ್ ಹಾಕಿಸಿದರೆ 120 ಯೂನಿಟ್ ಬರುತ್ತೆ, ಮಾರಲು ಬಂದವರು 120ಕ್ಕೆ ಆರೂವರೆ ಗುಣಿಸಿ ತಿಂಗಳಿಗೆ 780 ಉಳಿಯುತ್ತೆ ಅಂತಾರೆ. ಅಲ್ಲಿದೆ ಗುಟ್ಟು. ಆ 120ರಲ್ಲಿ 40 ಯೂನಿಟ್ ಸರ್ಕಾರ ಹೇಗೂ ಬಿಟ್ಟಿ ಕೊಡುತ್ತಿದ್ದದ್ದು. ಅದನ್ನು ಉಳಿತಾಯ ಅಂತ ಹೇಗೆ ಬರೆದುಕೊಳ್ಳುವುದು? ಇನ್ನು 10 ಯೂನಿಟ್ ಮನೆಗೆ ಬೇಕೇ ಇಲ್ಲ. ನಿಜವಾಗಿ ಉಳಿಯುವುದು 455, ವರ್ಷಕ್ಕೆ 5,460. ಹಾಕಿದ 40,000 ವಾಪಸ್ ಬರಲು ಏಳು ವರ್ಷದ ಮೇಲೆ. ಸಾಲ ಮಾಡಿದ್ದರೆ ಬಡ್ಡಿ ಬೇರೆ. ವರ್ಷಕ್ಕೆ 5,460 ಅಂದರೆ ಸಣ್ಣದಲ್ಲ, ದಿನಕ್ಕೆ ಮೂರು ಲೀಟರ್ ಹಾಲಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನದಷ್ಟಾಯಿತು. ಪ್ಯಾನೆಲ್ 25 ವರ್ಷ ಬಾಳುತ್ತೆ, ಕೈಯಲ್ಲಿ ಸ್ವಂತ ದುಡ್ಡು ಇದ್ದವರು ಹಾಕಿಸಿದರೆ ನಷ್ಟ ಏನಿಲ್ಲ. ಸಾಲ ಮಾಡಿ ಹಾಕಿಸುವಷ್ಟು ಅವಸರವೂ ಇಲ್ಲ. ಹೊಸದಾಗಿ ಮನೆ ಕಟ್ಟಿ 58 ಯೂನಿಟ್ ಪಾಲಿನಲ್ಲಿರುವವರು 150 ಯೂನಿಟ್ ಉರಿಸುತ್ತಿದ್ದರೆ ತಿಂಗಳಿಗೆ 600 ರೂಪಾಯಿ ಹತ್ತಿರ ಕಟ್ಟುತ್ತಾರೆ, ಅವರಿಗೆ ಲೆಕ್ಕ ಇದಕ್ಕಿಂತ ಸ್ವಲ್ಪ ವಾಸಿ.

ಮೂರನೆಯದು 200ರ ಗಡಿಯ ಮೇಲೆ ನಿಂತಿರುವ ಮನೆ. ಈ ಮನೆಯವರು ಗಮನ ಕೊಟ್ಟು ಕೇಳಬೇಕು. ಪಾಲು 192 ಯೂನಿಟ್ ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ 180 ಉರಿಸುತ್ತಾರೆ, ಬಿಲ್ಲಿಲ್ಲ. ಬೇಸಿಗೆಯಲ್ಲಿ 208 ಆಗುತ್ತೆ. ಹೆಚ್ಚಾದದ್ದು 16 ಯೂನಿಟ್, ಆದರೆ ಬಿಲ್ಲು ಬರುವುದು 208ಕ್ಕೂ. ನಿಗದಿತ ಶುಲ್ಕ ಬಿಟ್ಟು 1,350 ರೂಪಾಯಿ. ಇವರು ಸೋಲಾರಿಗೆ ಓಡಬೇಕಾಗಿಲ್ಲ. ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುತ್ತೆ. ಈಗ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನು 30 ವ್ಯಾಟಿನ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದು ಫ್ಯಾನಿನಲ್ಲೇ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ. ಎರಡು ಮೂರು ಸಾವಿರದ ಫ್ಯಾನಿನಿಂದ ಬೇಸಿಗೆಯ ಒಂದೊಂದು ತಿಂಗಳೂ 1,350 ಉಳಿತು. ಒಂದರ ಜಾಗದಲ್ಲಿ ಎರಡು ಬದಲಾಯಿಸಿ, ನಿಶ್ಚಿಂತೆ. ಇದನ್ನು ಯಾವ ಮಾರಾಟದ ಹುಡುಗನೂ ಬಂದು ಹೇಳುವುದಿಲ್ಲ, ಅವನಿಗೆ ಇದರಲ್ಲಿ ಕಮಿಷನ್ ಇಲ್ಲ.

ನಾಲ್ಕನೇ ಮನೆ ದೊಡ್ಡ ಮನೆ. 2022-23ರಲ್ಲೇ ಸರಾಸರಿ 200ಕ್ಕೆ ಮೇಲೆ ಇದ್ದದ್ದರಿಂದ ಗೃಹಜ್ಯೋತಿ ಇಲ್ಲ. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಗೀಸರ್ರು, ತಿಂಗಳಿಗೆ 260 ಯೂನಿಟ್. ಬಿಲ್ಲು 1,690, ಮೇಲೆ ನಿಗದಿತ ಶುಲ್ಕ. ಎರಡು ಕಿಲೋವ್ಯಾಟ್ ಹಾಕಿಸಿದರೆ 240 ಯೂನಿಟ್ ಬರುತ್ತೆ. ಅವರ ಪ್ರತಿ ಯೂನಿಟ್ಟಿಗೂ ಅವರು ದುಡ್ಡು ಕೊಡುತ್ತಿರುವುದರಿಂದ ಪ್ರತಿ ಯೂನಿಟ್ಟೂ ಉಳಿತಾಯವೇ. ತಿಂಗಳಿಗೆ 1,560, ವರ್ಷಕ್ಕೆ 18,720. ಖರ್ಚು 1,40,000, ಸಹಾಯಧನ 60,000 ಕಳೆದರೆ 80,000. ನಾಲ್ಕು ವರ್ಷ ಮೂರು ತಿಂಗಳಿಗೆ ಅಸಲು ಬಂತು. ಬ್ಯಾಂಕಿನವರು ಈ ಯೋಜನೆಗೆ ಜಾಮೀನು ಇಲ್ಲದೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರೆ. ಬಡ್ಡಿ ಸೇರಿಸಿ, ಮಳೆಗಾಲದ ಕೊರತೆ ಸೇರಿಸಿ ಐದು ಐದೂವರೆ ವರ್ಷ ಅನ್ನಿ. ಆಮೇಲೆ ಇಪ್ಪತ್ತು ವರ್ಷ ಬಂದದ್ದೆಲ್ಲ ಲಾಭ, ನಡುವೆ ಎಂಟು ಹತ್ತು ವರ್ಷಕ್ಕೊಮ್ಮೆ ಇನ್ವರ್ಟರ್ ಬದಲಾಯಿಸುವ ಖರ್ಚು ಬಿಟ್ಟು. ಇಂಥ ಮನೆಯವರು ಇನ್ನೂ ಹಾಕಿಸಿಲ್ಲ ಅಂದರೆ ತಿಂಗಳು ತಿಂಗಳೂ ದುಡ್ಡು ಬಿಡುತ್ತಿದ್ದೀರಿ ಅಂತಲೇ ನಾವು ಹೇಳುವುದು. ಯೋಜನೆ 2026-27ರವರೆಗೆ ಅಂತ ಇರುವುದರಿಂದ ತಡ ಮಾಡಬೇಡಿ.

ಆದರೆ ಅವರಿಗೂ ಒಂದು ಮಾತು ಇದೆ, ತಾಯಂದಿರು ಕೇಳಬೇಕು. ಪ್ಯಾನೆಲ್ಲಿಗಿಂತ ಮೊದಲು ನೀರು ಕಾಯಿಸುವ ಸೋಲಾರ್ ನೋಡಿ. ನೂರು ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು ಗೀಸರ್ ಮೂರೂವರೆ ಯೂನಿಟ್ ತಿನ್ನುತ್ತೆ. ಮೋಡದ ದಿನಗಳನ್ನು ಬಿಟ್ಟು ತಿಂಗಳಿಗೆ 90 ಯೂನಿಟ್ ಉಳಿತಾಯ ಅಂತ ಹಿಡಿದರೂ 585 ರೂಪಾಯಿ. ನೂರು ಲೀಟರಿನ ಸೋಲಾರ್ ಹೀಟರಿಗೆ 20ರಿಂದ 25 ಸಾವಿರ ಆಗುತ್ತೆ, ಹೆಚ್ಚೆಂದರೆ ಮೂರೂವರೆ ವರ್ಷದ ಆಸುಪಾಸಿನಲ್ಲಿ ದುಡ್ಡು ವಾಪಸ್. ಇದನ್ನು ಹಾಕಿಸಿಕೊಂಡರೆ ಆ 260ರ ಮನೆಗೆ ಬೇಕಾಗುವುದು 170 ಯೂನಿಟ್, ಆಗ ಪ್ಯಾನೆಲ್ಲೂ ಚಿಕ್ಕದು ಸಾಕು. ನಮ್ಮ ಕೊಳವೆ ಬಾವಿ ನೀರು ಗಡಸು, ಕೊಳವೆಯೊಳಗೆ ಸುಣ್ಣ ಕಟ್ಟುತ್ತೆ, ಗಡಸು ನೀರಿಗೆ ಆಗುವ ತರಹದ್ದನ್ನೇ ಕೇಳಿ ತೆಗೆದುಕೊಳ್ಳಿ. ಹಂಡೆ ಒಲೆಗೆ ತೆಂಗಿನ ಮಟ್ಟೆ, ಸೋಗೆ ಹಾಕಿ ನೀರು ಕಾಯಿಸುವ ಮನೆಗಳಿಗೆ ಇದರಿಂದ ಕರೆಂಟ್ ಬಿಲ್ಲೇನೂ ಇಳಿಯದು. ಬೆಳಗಿನ ಜಾವ ಹಾಲು ಕರೆಯುವ ಹೊತ್ತಿನಲ್ಲೇ ಒಲೆ ಊದುವ ಕೆಲಸ ತಪ್ಪುತ್ತೆ, ಅದಕ್ಕೆ ಬೆಲೆ ಕಟ್ಟುವವರು ಮನೆಯ ಹೆಣ್ಣುಮಕ್ಕಳೇ.

ಮಾರುವವರು ಹೇಳದೆ ಬಿಡುವ ಇನ್ನೊಂದು ಸಂಗತಿ. "ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಮನೆಯಲ್ಲಿ ಲೈಟ್ ಇರುತ್ತೆ ಅಲ್ವಾ ಅಣ್ಣ?" ಅಂತ ಬಹಳ ಜನ ನಮ್ಮನ್ನು ಕೇಳಿದ್ದಾರೆ. ಇರುವುದಿಲ್ಲ. ತಂತಿಗೆ ಸೇರಿಸಿದ ಸೋಲಾರು, ತಂತಿಯಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ, ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಸರಿಯೇ. ಅದು ಕೆಟ್ಟಿರುವುದಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಟಿ.ಸಿ. ಹತ್ತಿರ ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆ ಮಾಳಿಗೆಯಿಂದ ಬಂದ ಕರೆಂಟ್ ಹೊಡೆಯಬಾರದಲ್ಲ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಬೇರೆ ನಮೂನೆ ಬೇಕು. ಅದಕ್ಕೆ ಖರ್ಚು ಬಹಳ, ಬ್ಯಾಟರಿ ಕೆಲವು ವರ್ಷಕ್ಕೆ ಬದಲಾಗಬೇಕು, ಆಗ ನಾವು ಈಗ ಹೇಳಿದ ಉಳಿತಾಯದ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ಮನೆಗೆ ಒಂದು ಚಿಕ್ಕ ಇನ್ವರ್ಟರ್ ಬ್ಯಾಟರಿ ಇಟ್ಟುಕೊಂಡರೆ ಎರಡು ಲೈಟು ಒಂದು ಫ್ಯಾನಿಗೆ ಸಾಕು.

ನೆರಳಿನ ವಿಷಯ. ನಮ್ಮದು ತೆಂಗಿನ ಸೀಮೆ. ಮನೆ ಪಕ್ಕದ ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಿನಲ್ಲಿ ಜೋಡಿಸಿರುವ ಬೇರೆ ಪ್ಯಾನೆಲ್ಲುಗಳ ಕರೆಂಟೂ ಕುಗ್ಗುತ್ತೆ. ಮೇಲಿಂದ ಕಾಯಿ ಬಿದ್ದರೆ ಗಾಜಿನ ಗತಿ ಏನು ಅಂತ ಬೇರೆ ಹೇಳಬೇಕಿಲ್ಲ. ಉಳಿತಾಯಕ್ಕೋಸ್ಕರ ಫಲ ಕೊಡುವ ಮರ ಕಡಿಯುವವರೂ ಇದ್ದಾರೆ, ಒಂದು ಮರದ ಕಾಯಿ ವರ್ಷಕ್ಕೆ ಎಷ್ಟು ದುಡ್ಡು ಅಂತ ಈಗಿನ ಧಾರಣೆಯಲ್ಲಿ ಲೆಕ್ಕ ಹಾಕಿ ಆಮೇಲೆ ಕೊಡಲಿ ತೆಗೆದುಕೊಳ್ಳಿ. ತಾರಸಿ ಮನೆಗೆ ದಕ್ಷಿಣಕ್ಕೆ ಸ್ವಲ್ಪ ಓರೆ ಮಾಡಿ ಕೂರಿಸುತ್ತಾರೆ. ಹಂಚಿನ ಮನೆ, ಸಿಮೆಂಟ್ ಶೀಟಿನ ಮನೆ ಆದರೆ ಮೇಲಿನ ಭಾರಕ್ಕೂ ಗಾಳಿಗೂ ತಡೆಯುವಂತೆ ಕಬ್ಬಿಣದ ಚೌಕಟ್ಟಿಗೇ ಇನ್ನಷ್ಟು ಖರ್ಚು ಬರುತ್ತೆ. ಧೂಳು ಕೂತರೆ ಕರೆಂಟ್ ಕಡಿಮೆ ಆಗುತ್ತೆ, ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಬರೀ ನೀರಿನಲ್ಲಿ ತೊಳೆದರೆ ಆಯಿತು. ಕಾದ ಗಾಜಿಗೆ ತಣ್ಣೀರು ಎರಚಬೇಡಿ.

ಪಂಪ್‌ಸೆಟ್ ವಿಷಯ ಇಲ್ಲಿ ಸೇರಿಸುವುದಿಲ್ಲ. ಹತ್ತು ಎಚ್.ಪಿ.ವರೆಗೆ ನೀರಾವರಿ ಪಂಪಿಗೆ ಬಿಲ್ಲಿಲ್ಲ. ಅಲ್ಲಿ ನಮ್ಮ ಕಷ್ಟ ದುಡ್ಡಿನದಲ್ಲ, ತ್ರೀ ಫೇಸ್ ರಾತ್ರಿ ಕೊಡುತ್ತಾರೋ ಹಗಲು ಕೊಡುತ್ತಾರೋ ಎಂಬುದು.

ನಮ್ಮ ಡೇರಿಯ ವಿಷಯಕ್ಕೆ ಬಂದರೆ, ಹಾಲು ತಂಪು ಮಾಡುವ ಟ್ಯಾಂಕು ಬಂದ ಮೇಲೆ ಸಂಘದ ದೊಡ್ಡ ಖರ್ಚುಗಳಲ್ಲಿ ಕರೆಂಟೂ ಒಂದು. ಸಾವಿರ ಲೀಟರ್ ಹಾಲನ್ನು ಕೆಚ್ಚಲ ಬಿಸಿಯಿಂದ 4 ಡಿಗ್ರಿಗೆ ಇಳಿಸಲು 15ರಿಂದ 20 ಯೂನಿಟ್ ಬೇಕು. ಸಂಘಕ್ಕೆ ಗೃಹಜ್ಯೋತಿ ಇಲ್ಲ, ಸೂರ್ಯಘರ್ ಸಹಾಯಧನವೂ ಮನೆಗಳಿಗೆ ಮಾತ್ರ. ಹಾಗಿದ್ದರೂ ಇಲ್ಲಿ ಉರಿಸಿದ ಪ್ರತಿ ಯೂನಿಟ್ಟಿಗೂ ದುಡ್ಡು ಹೋಗುತ್ತಿರುವುದರಿಂದ ನಮ್ಮ ತಾರಸಿಯ ಮೇಲೆ ಪ್ಯಾನೆಲ್ ಹಾಕಿಸುವುದು ವಿಚಾರ ಮಾಡತಕ್ಕ ಮಾತು. ಹಾಲು ಬರುವುದು ಬೆಳಗ್ಗೆ ಮತ್ತು ಸಂಜೆ, ಬಿಸಿಲು ಇರುವುದು ಮಧ್ಯಾಹ್ನ. ಹಾಗಾಗಿ ಎರಡೂ ಕಡೆಯ ಮೀಟರ್ ಇಲ್ಲದೆ ಇದು ಆಗುವ ಕೆಲಸ ಅಲ್ಲ. ಜನರೇಟರ್ ಡೀಸೆಲ್ ಖರ್ಚು ಮೊದಲು ಹೇಳಿದ ಕಾರಣಕ್ಕೆ ಹಾಗೇ ಉಳಿಯುತ್ತೆ. ಹನ್ನೆರಡು ತಿಂಗಳ ಬಿಲ್ಲು ಇಟ್ಟುಕೊಂಡು ಅಂದಾಜು ಮಾಡಿಸುತ್ತಿದ್ದೇವೆ, ಸರ್ವ ಸದಸ್ಯರ ಸಭೆಗೆ ಅಂಕಿ ಸಮೇತ ಇಡುತ್ತೇವೆ.

ಕೊನೆಯದಾಗಿ ಬಟವಾಡೆಯ ಪ್ರಸ್ತಾವದ ಬಗ್ಗೆ ಮಂಡಳಿಯ ತೀರ್ಮಾನ ತಮಗೆ ತಿಳಿಸಬೇಕು. ಸದಸ್ಯರ ಹಾಲಿನ ಹಣದಲ್ಲಿ ಸೋಲಾರ್ ಕಂತು ಹಿಡಿಯಲು ಸಂಘ ಒಪ್ಪಿಲ್ಲ, ನಡಾವಳಿ ಪುಸ್ತಕದಲ್ಲಿ ಬರೆದಿದ್ದೇವೆ. ಬಟವಾಡೆಯಲ್ಲಿ ಈಗಾಗಲೇ ಹಿಂಡಿ ಹಿಡಿಯುತ್ತೇವೆ, ದನದ ವಿಮೆ ಹಿಡಿಯುತ್ತೇವೆ, ಹಸು ಸಾಲದ ಕಂತು ಹಿಡಿಯುತ್ತೇವೆ. ಮಿಕ್ಕ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಗೆ ಬರುವ ಒಂದೇ ದುಡ್ಡು. ದಿನಸಿ, ಮಕ್ಕಳ ಫೀಸು, ಮಾತ್ರೆ ಔಷಧಿ ಎಲ್ಲಾ ಅದರಲ್ಲೇ. ಹಿಂಡಿ, ವಿಮೆ, ಹಸು ಸಾಲ ಇವು ಹಾಲು ಹುಟ್ಟಿಸುವ ಖರ್ಚು. ಬಿಲ್ಲೇ ಇಲ್ಲದ ಮನೆಗೆ ಸೋಲಾರ್ ಕಂತು ಅಂದರೆ ಹಾಲೂ ಹುಟ್ಟುವುದಿಲ್ಲ, ಬಿಲ್ಲೂ ಇಳಿಯುವುದಿಲ್ಲ. ಹಸು ಬತ್ತಿಸಿದ ಮೂರು ತಿಂಗಳು ಆ ಕಂತು ಯಾರು ಕಟ್ಟುವುದು? ಮಂಡಳಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಲಿಲ್ಲ, ಯುವಕ ನಿರ್ದೇಶಕರೊಬ್ಬರು ಬೇಕಾದವರಿಗಾದರೂ ಅನುಕೂಲ ಮಾಡಿಕೊಡೋಣ ಅಂತ ವಾದಿಸಿದರು. ಅವರ ಮಾತಿನಲ್ಲೂ ಹುರುಳಿದೆ. ಬೇಕಾದವರಿಗೆ ಬ್ಯಾಂಕ್ ಇದೆ, ಅಲ್ಲಿಗೆ ಹೋಗಲು ಕಾಗದ ಪತ್ರ ಮಾಡಿಕೊಡುವ ಸಹಾಯ ಸಂಘ ಮಾಡುತ್ತೆ ಅಂತ ಕೊನೆಗೆ ಒಪ್ಪಿದೆವು.

ಹಾಕಿಸಲು ಮನಸ್ಸು ಮಾಡಿದವರು ಕಂಪನಿ ಹೆಸರು ರಾಷ್ಟ್ರೀಯ ಪೋರ್ಟಲ್‌ನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿಸಿಕೊಳ್ಳಿ. ಸಹಾಯಧನ ಬೇಕಾದರೆ ಒಳಗಿನ ಸೆಲ್ ಸಮೇತ ನಮ್ಮ ದೇಶದಲ್ಲೇ ತಯಾರಾದ ಪ್ಯಾನೆಲ್ಲೇ ಆಗಬೇಕು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಫೋನಿಗೆ ಬಂದ ಓ.ಟಿ.ಪಿ. ಯಾರಿಗೂ ಹೇಳಬೇಡಿ. ಗೃಹಜ್ಯೋತಿ ಇರುವ ಮನೆಯವರು ಸಹಿ ಹಾಕುವ ಮುಂಚೆ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ, ಪ್ಯಾನೆಲ್ ಹಾಕಿಸಿದ ಮೇಲೆ ನಮ್ಮ ಉಚಿತ ಯೂನಿಟ್ ಏನಾಗುತ್ತೆ ಅಂತ ಕೇಳಿ, ಹೇಳಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ.

ಮುಂದಿನ ಬಟವಾಡೆಯ ಮಾರನೇ ದಿನ ಬೆಳಗಿನ ಹಾಲು ಮುಗಿದ ಮೇಲೆ ಕಾರ್ಯದರ್ಶಿಗಳೂ ನಾವೂ ಡೇರಿ ಆಫೀಸಿನಲ್ಲಿ ಕೂತಿರುತ್ತೇವೆ. ಒಂದು ವರ್ಷದ ಕರೆಂಟ್ ಬಿಲ್ಲು ತನ್ನಿ. ಹಳೇ ಚೀಟಿ ಇಲ್ಲದಿದ್ದರೆ ಖಾತೆ ನಂಬರ್ ತನ್ನಿ, ಮೊಬೈಲಿನಲ್ಲಿ ತೆಗೆಸೋಣ. ನಿಮ್ಮ ಮನೆ ಈ ನಾಲ್ಕರಲ್ಲಿ ಯಾವುದು ಅಂತ ಅಲ್ಲೇ ಕೂತು ಲೆಕ್ಕ ಹಾಕಿ ಕೊಡುತ್ತೇವೆ.